ಪ್ರೆಸ್ ಮಾಲೀಕ ಗಾಂಧಿಯ ನಷ್ಟದ ಲೆಕ್ಕ

ಗಾಂಧಿಯನ್ನು ರೈಲಿನಿಂದ ಕೆಳಗಿಳಿಸಿದ ಕತೆ ನಮಗೆಲ್ಲ ಬಾಯಿಪಾಠ. 1893, ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್, ಚಳಿಯ ರಾತ್ರಿ. ಆದರೆ ಹನ್ನೊಂದು ವರ್ಷದ ನಂತರ ಅದೇ ಮನುಷ್ಯ ಹತ್ತಿದ ಇನ್ನೊಂದು ರೈಲಿನ ಬಗ್ಗೆ ಯಾರೂ ಅಷ್ಟಾಗಿ ಮಾತಾಡೋದಿಲ್ಲ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್‌ಗೆ ಹೊರಟ ರೈಲು ಅದು, ಇಪ್ಪತ್ನಾಲ್ಕು ಗಂಟೆಯ ಪ್ರಯಾಣ. ಆ ಸಲ ಅವರನ್ನು ಯಾರೂ ತಳ್ಳಲಿಲ್ಲ. ಅವರು ಹೊರಟಿದ್ದು ಪ್ರೆಸ್ಸಿನ ಲೆಕ್ಕ ನೋಡಲಿಕ್ಕೆ. ಪ್ರೆಸ್ ನಷ್ಟದಲ್ಲಿತ್ತು.

ನನಗೆ ಈ ಎರಡನೇ ರೈಲಿನ ಗಾಂಧಿ ಹೆಚ್ಚು ಹತ್ತಿರ. ಕಾರಣ ಸರಳ. ನಮ್ಮಪ್ಪನೂ ಪ್ರೆಸ್ ಇಟ್ಟಿದ್ದರು, ರಾಣೆಬೆನ್ನೂರಿನಲ್ಲಿ. ಒಂದು ಟ್ರೆಡಲ್ ಮಶೀನು, ನಾಲ್ಕು ಕೇಸು ಮೊಳೆ, ಒಬ್ಬ ಕಂಪೋಜಿಟರ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ತಿಥಿ ಕಾರ್ಡು. ಶಾಲೆ ಬಿಟ್ಟ ಮೇಲೆ ನಾನು ಹೋಗಿ, ಅಚ್ಚಾದ ಫಾರಮ್ಮಿನ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಅವುಗಳ ಖಾನೆಗೆ ಹಾಕುತ್ತಿದ್ದೆ. ಒಂದು ಒತ್ತಕ್ಷರ ತಪ್ಪು ಖಾನೆಗೆ ಬಿದ್ದರೆ ಮರುದಿನ ಯಾರದೋ ಮದುವೆಯಲ್ಲಿ ವರನ ಹೆಸರು ಬದಲಾಗ್ತಿತ್ತು. ಹಾಗಾಗಿ ಗಾಂಧಿಯ ಆತ್ಮಕತೆ ಓದುವಾಗ ನಾನು ಬ್ರಹ್ಮಚರ್ಯದ ಅಧ್ಯಾಯಗಳನ್ನು ಹಾರಿಸಿ ಪ್ರೆಸ್ಸಿನ ಅಧ್ಯಾಯಗಳಿಗೇ ಹೋಗುತ್ತೇನೆ. ನಗಬೇಡಿ.

ಪ್ರೆಸ್ ಮೊದಲು ಗಾಂಧಿಯದಾಗಿರಲಿಲ್ಲ. ಮದನಜಿತ್ ವ್ಯವಹಾರಿಕ್ ಎಂಬ ಒಬ್ಬ ಗುಜರಾತಿ 1898ರಲ್ಲಿ ಡರ್ಬನ್ನಿನಲ್ಲಿ ಇಂಟರ್‌ನ್ಯಾಷನಲ್ ಪ್ರಿಂಟಿಂಗ್ ಪ್ರೆಸ್ ಶುರು ಮಾಡಿದರು. ಹೆಸರು ದೊಡ್ಡದು, ಕೆಲಸ ನಮ್ಮಪ್ಪನದೇ: ಕಾರ್ಡು, ಬಿಲ್, ನೋಟೀಸು. 1903ರಲ್ಲಿ ಒಂದು ವಾರಪತ್ರಿಕೆ ತರೋಣ ಅಂತ ಮದನಜಿತ್ ಗಾಂಧಿಯನ್ನು ಕೇಳಿದರು. ಆಗ ಜೋಹಾನ್ಸ್‌ಬರ್ಗಿನಲ್ಲಿ ವಕೀಲಿಕೆ ಚೆನ್ನಾಗಿ ನಡೆಯುತ್ತಿದ್ದ ಗಾಂಧಿ ಒಪ್ಪಿದರು. ಆ ವರ್ಷ ಜೂನ್‌ನಲ್ಲಿ 'ಇಂಡಿಯನ್ ಒಪೀನಿಯನ್' ಹೊರಬಂತು. ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳು ಹೀಗೆ ನಾಲ್ಕು ಭಾಷೆ. ಸಂಪಾದಕ ಮನಸುಖಲಾಲ್ ನಾಜರ್, ಸಂಬಳವಿಲ್ಲದೆ ದುಡಿದ ಮನುಷ್ಯ.

ನಾಲ್ಕು ಭಾಷೆ ಅಂದ್ರೆ ಏನು ಅಂತ ಪ್ರೆಸ್ಸಿನವರಿಗೆ ಮಾತ್ರ ಗೊತ್ತು. ಕಂಪ್ಯೂಟರಿನಲ್ಲಿ ಫಾಂಟ್ ಬದಲಾಯಿಸಿದ ಹಾಗಲ್ಲ ಅದು. ನಾಲ್ಕು ಲಿಪಿಯ ಸೀಸದ ಮೊಳೆ, ನಾಲ್ಕು ಸೆಟ್ ಕೇಸು, ಪ್ರತಿಯೊಂದನ್ನೂ ಓದಬಲ್ಲ, ಅದೂ ತಲೆಕೆಳಗಾಗಿ ಓದಬಲ್ಲ ಕಂಪೋಜಿಟರುಗಳು, ಪ್ರತಿಯೊಂದರ ಕರಡು ತಿದ್ದುವವರು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿದರೆ ಅದರ ದುಪ್ಪಟ್ಟು. ನಮ್ಮ ಲಿಪಿಗಳಲ್ಲಿ ಗುಣಿತ, ಒತ್ತು ಅಂತ ಖಾನೆಗಳು ನೂರಾರು. ತಮಿಳು, ಹಿಂದಿ ವಿಭಾಗಗಳು 1906ರ ಹೊತ್ತಿಗೆ ನಿಂತೇ ಹೋದವು. ಆ ಭಾಷೆ ಬಲ್ಲವರು ಊರಾಚೆಯ ಆಶ್ರಮಕ್ಕೆ ಬಂದು ನೆಲೆಸಲಿಲ್ಲ, ಅಲ್ಲಿ ಅಚ್ಚಾಗುವುದನ್ನು ಪರಿಶೀಲಿಸುವವರೂ ಇರಲಿಲ್ಲ ಎಂಬುದು ಗಾಂಧಿ ಮುಂದೆ ಕೊಟ್ಟ ವಿವರಣೆ. ವಿವರಣೆ ಪ್ರಾಮಾಣಿಕವೇ. ಆದರೆ ನೇಟಾಲಿನ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಕರಾರು ಕೂಲಿಗಳಲ್ಲಿ ಬಹುಪಾಲು ತಮಿಳು, ತೆಲುಗು, ಹಿಂದಿ ಮಾತಾಡುವವರು. ಗುಜರಾತಿ ವ್ಯಾಪಾರಿಗಳ ಭಾಷೆ. ಮೊಳೆ ಸಿಗದೆ ಕಳೆದುಹೋದದ್ದು ಯಾರ ದನಿ ಅನ್ನೋದನ್ನೂ ನೋಡಬೇಕಲ್ವಾ?

ಇರಲಿ, ಲೆಕ್ಕಕ್ಕೆ ಬರೋಣ. ಪತ್ರಿಕೆ ತನ್ನ ಖರ್ಚನ್ನು ತಾನೇ ದುಡಿಯುತ್ತಿರಲಿಲ್ಲ. ಗಾಂಧಿ ತಮ್ಮ ವಕೀಲಿಕೆಯ ದುಡ್ಡು ಸುರಿಯತೊಡಗಿದರು. ಒಂದು ಹಂತದಲ್ಲಿ ತಿಂಗಳಿಗೆ 75 ಪೌಂಡ್ ಕಳಿಸುತ್ತಿದ್ದರಂತೆ. ಉಳಿತಾಯವೆಲ್ಲ ಅಲ್ಲಿಗೇ ಹೋಯಿತು. ಮದನಜಿತ್ ಊರೂರು ಅಲೆದು ಚಂದಾ ಮಾಡಿಸುತ್ತಿದ್ದರು, ಹಳೇ ಬಾಕಿ ಕೇಳುತ್ತಿದ್ದರು. 1904ರಲ್ಲಿ ಜೋಹಾನ್ಸ್‌ಬರ್ಗಿನ ಭಾರತೀಯರ ಕೇರಿಯಲ್ಲಿ ಪ್ಲೇಗ್ ಬಂದಾಗ ಅವರು ಅಲ್ಲಿದ್ದದ್ದೂ ಇದೇ ಕೆಲಸಕ್ಕೆ. ಬಾಕಿ ವಸೂಲಿಗೆ ಹೋದ ಮನುಷ್ಯ ಖಾಲಿ ಮನೆಯೊಂದರ ಬೀಗ ಒಡೆದು ರೋಗಿಗಳನ್ನು ಅಲ್ಲಿ ಮಲಗಿಸಿ ಗಾಂಧಿಗೆ ಸುದ್ದಿ ಕಳಿಸಿದರು. ನಮ್ಮಪ್ಪ ಸೈಕಲ್ ಹತ್ತಿ ಹಳ್ಳಿಗಳಿಗೆ ಬಾಕಿ ಕೇಳಲು ಹೋಗಿ, ಯಾರದೋ ಮನೆಯಲ್ಲಿ ಸಾವಾಗಿದ್ದರೆ ಅಲ್ಲೇ ನಿಂತು ಹೆಗಲು ಕೊಟ್ಟು, ದುಡ್ಡು ಕೇಳದೆ ವಾಪಸ್ ಬಂದದ್ದು ನೆನಪಾಗುತ್ತೆ. ಬಾಕಿ ಕೇಳೋನಿಗೆ ಊರಿನ ಕಷ್ಟವೆಲ್ಲ ಮೊದಲು ಗೊತ್ತಾಗುತ್ತೆ. ಅದೇ ಅವನ ಸಮಸ್ಯೆ.

ಆ ಪ್ಲೇಗಿನ ದಿನಗಳಲ್ಲೇ ಆಲ್ಬರ್ಟ್ ವೆಸ್ಟ್ ಬಂದರು. ಇಂಗ್ಲೆಂಡಿನ ಲಿಂಕನ್‌ಶೈರ್‌ನ ಹಳ್ಳಿಗಾಡಿನವರು, ಜೋಹಾನ್ಸ್‌ಬರ್ಗಿನಲ್ಲಿ ಸಣ್ಣ ಪ್ರೆಸ್ಸೊಂದರ ಪಾಲುದಾರ. ಇಬ್ಬರಿಗೂ ಸಸ್ಯಾಹಾರಿ ಹೋಟೆಲಿನಲ್ಲಿ ಪರಿಚಯ. ರೋಗಿಗಳ ಶುಶ್ರೂಷೆಗೆ ಬರ್ತೀನಿ ಅಂತ ವೆಸ್ಟ್ ಮುಂದಾದರೆ, ಗಾಂಧಿ ಅವರನ್ನು ಡರ್ಬನ್ನಿನ ಪ್ರೆಸ್ ನೋಡಿಕೊಳ್ಳಲು ಕಳಿಸಿದರು. ತಿಂಗಳಿಗೆ 10 ಪೌಂಡ್, ಲಾಭ ಬಂದರೆ ಅದರಲ್ಲೊಂದು ಪಾಲು. ಲಾಭ ಬರುತ್ತೆ ಅಂತ ಗಾಂಧಿಗೆ ಮದನಜಿತ್ ಭರವಸೆ ಕೊಟ್ಟಿದ್ದರು. ವೆಸ್ಟ್ ಹೋಗಿ ಪುಸ್ತಕ ತೆಗೆದು ನೋಡಿದರೆ ಲಾಭದ ಮಾತು ಹಾಗಿರಲಿ, ಲೆಕ್ಕವೇ ನೆಟ್ಟಗಿಲ್ಲ. ಬರಬೇಕಾದ ಬಾಕಿ ಬೆಟ್ಟದಷ್ಟು, ಬರುವ ಸೂಚನೆಯಿಲ್ಲ. ವೆಸ್ಟ್ ಕಾಗದ ಬರೆದರು, ಆದರೆ ಕೆಲಸ ಬಿಡಲಿಲ್ಲ. ಪರೀಕ್ಷೆ ಮಾಡದೆ ಲಾಭದ ಮಾತಾಡಿ ತಾನೇ ಅವರನ್ನು ನಂಬಿಸಿದ್ದು ತಪ್ಪು ಅಂತ ಗಾಂಧಿ ಒಪ್ಪಿಕೊಂಡಿದ್ದಾರೆ.

ಈ ಕಾಗದವೇ ಅವರನ್ನು ಆ ರೈಲು ಹತ್ತಿಸಿದ್ದು. ಬೀಳ್ಕೊಡಲು ಬಂದ ಗೆಳೆಯ ಹೆನ್ರಿ ಪೋಲಾಕ್ ದಾರಿಯಲ್ಲಿ ಓದಿಕೊಳ್ಳಿ ಅಂತ ಕೊಟ್ಟ ಪುಸ್ತಕ ಜಾನ್ ರಸ್ಕಿನ್‌ನ 'ಅನ್‌ಟು ದಿಸ್ ಲಾಸ್ಟ್'. ರಾತ್ರಿಯೆಲ್ಲ ಗಾಂಧಿಗೆ ನಿದ್ದೆ ಬರಲಿಲ್ಲ. ಈ ಘಟನೆಯನ್ನು ನಮ್ಮ ಪಠ್ಯಗಳು ಒಂದು ಆಧ್ಯಾತ್ಮಿಕ ಜ್ಞಾನೋದಯದ ಹಾಗೆ ಹೇಳುತ್ತವೆ. ಆದರೆ ರಸ್ಕಿನ್ ಬರೆದದ್ದು ಕೂಲಿಯ ಬಗ್ಗೆ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ ಎಂಬ ಸಾರವನ್ನು ಗಾಂಧಿ ಅದರಿಂದ ತೆಗೆದುಕೊಂಡರು. ನಷ್ಟದಲ್ಲಿರುವ ಪ್ರೆಸ್ಸಿನ ಸಂಬಳದ ಪಟ್ಟಿ ತಲೆಯಲ್ಲಿ ಇಟ್ಟುಕೊಂಡು ಆ ಪುಸ್ತಕ ಓದಿ ನೋಡಿ, ಅದು ಬೇರೆಯೇ ಆಗಿ ಕಾಣುತ್ತೆ. ಗಾಂಧಿಯ ಪರಿಹಾರ ಹೀಗಿತ್ತು: ಪ್ರೆಸ್ಸನ್ನು ಊರಾಚೆ ಒಂದು ಜಮೀನಿಗೆ ಸಾಗಿಸೋದು, ಎಲ್ಲರೂ ಬೇಸಾಯ ಮಾಡಿ ಉಣ್ಣೋದು, ಬಣ್ಣ ದೇಶ ಯಾವುದೇ ಇರಲಿ ಎಲ್ಲರಿಗೂ ತಿಂಗಳಿಗೆ 3 ಪೌಂಡ್, ಬಿಡುವಿನ ಹೊತ್ತಲ್ಲಿ ಪ್ರೆಸ್ಸಿನ ಕೆಲಸ.

ನೀವು ಕಂಪೋಜಿಟರ್ ಜಾಗದಲ್ಲಿ ನಿಂತು ಯೋಚಿಸಿ. ಮಾಲೀಕ ಒಂದು ಪುಸ್ತಕ ಓದಿ ರೈಲಿಳಿದು ಬಂದು, ನಾಳೆಯಿಂದ ಸಂಬಳ ಇಷ್ಟೇ, ಊರು ಬಿಟ್ಟು ಹಾವಿರೋ ಹೊಲಕ್ಕೆ ಬನ್ನಿ ಅಂತಾನೆ. ಮದನಜಿತ್‌ಗೆ ಇದು ಶುದ್ಧ ಹುಚ್ಚು ಅನ್ನಿಸಿತು, ಕಟ್ಟಿದ್ದೆಲ್ಲ ಹಾಳಾಗುತ್ತೆ ಅಂದರು. ಮುಂದೆ ಅವರು ಭಾರತಕ್ಕೆ ವಾಪಸಾದರು. ಕೆಲಸಗಾರರಲ್ಲಿ ಮಶೀನ್ ನಡೆಸುವ ಗೋವಿಂದಸ್ವಾಮಿ ಒಪ್ಪಿದರು, ವೆಸ್ಟ್ ಒಪ್ಪಿದರು, ಗಾಂಧಿಯ ಸಂಬಂಧಿ ಛಗನ್‌ಲಾಲ್ ಒಪ್ಪಿದರು. ಉಳಿದವರು ಪ್ರೆಸ್ ಎಲ್ಲಿಗೆ ಹೋದರೂ ಬರ್ತೀವಿ, ಆದರೆ ಈ ಯೋಜನೆಗೆ ಸೇರಲ್ಲ ಅಂದರು. ಗಾಂಧಿ ಬಲವಂತ ಮಾಡದೆ ಅವರಿಗೆ ಸಂಬಳ ಕೊಟ್ಟೇ ಕರೆದೊಯ್ದರು. ಆದರ್ಶ ನಂಬದವನಿಗೂ ಕೂಲಿ ಕೊಡಬೇಕು ಅನ್ನೋದು ಈ ಕತೆಯಲ್ಲಿ ನನಗೆ ಬಹಳ ಇಷ್ಟವಾದ ಸಾಲು. ಇವತ್ತು ಚಳವಳಿಯ ಹೆಸರಲ್ಲಿ ಡಿಸೈನರ್‌ಗಳಿಂದ, ಅನುವಾದಕರಿಂದ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವ ನಮ್ಮ ಗೆಳೆಯರು ಇದನ್ನೊಮ್ಮೆ ಓದಲಿ.

ಡರ್ಬನ್ನಿನಿಂದ ಹದಿನಾಲ್ಕು ಮೈಲಿ, ಫೀನಿಕ್ಸ್ ಸ್ಟೇಷನ್ನಿನಿಂದ ಎರಡೂವರೆ ಮೈಲಿ ಒಳಗೆ ಜಾಗ ಸಿಕ್ಕಿತು. ಮೊದಲು 20 ಎಕರೆ, ಆಮೇಲೆ ಪಕ್ಕದ 80 ಎಕರೆ, ಒಟ್ಟು 1000 ಪೌಂಡ್. ಒಂದು ಚಿಲುಮೆ, ಒಂದಷ್ಟು ಕಿತ್ತಳೆ, ಮಾವಿನ ಮರ, ಬೇಕಾದಷ್ಟು ಹಾವು. ಪಾರ್ಸಿ ರುಸ್ತುಂಜಿ ಎಂಬ ವ್ಯಾಪಾರಿ ತಗಡು, ಮರಮುಟ್ಟು ಕೊಟ್ಟರು. ಬೋಯರ್ ಯುದ್ಧದಲ್ಲಿ ಗಾಂಧಿಯ ಜೊತೆಗಿದ್ದ ಬಡಗಿಗಳು, ಗಾರೆಯವರು ಬಂದು ತಿಂಗಳೊಳಗೆ 75 ಅಡಿ ಉದ್ದ, 50 ಅಡಿ ಅಗಲದ ಶೆಡ್ ಎಬ್ಬಿಸಿದರು. ಹದಿನಾರು ಹದಿನಾರು ಎತ್ತು ಹೂಡಿದ ನಾಲ್ಕು ದೊಡ್ಡ ಗಾಡಿಗಳಲ್ಲಿ ಮಶೀನು, ಮೊಳೆ ಎಲ್ಲ ಹೋಯಿತು. ಸೀಸದ ಭಾರ ಅಂಥದ್ದು. ನಡುವೆ ಒಂದೇ ಒಂದು ಸಂಚಿಕೆ ಮರ್ಕ್ಯುರಿ ಪ್ರೆಸ್ಸಿನಲ್ಲಿ ಅಚ್ಚಾಯಿತು. ಫೀನಿಕ್ಸಿನ ಮೊದಲ ಸಂಚಿಕೆಯ ತಾರೀಖು 1904ರ ಡಿಸೆಂಬರ್ 24.

ಆ ಸಂಚಿಕೆಯ ರಾತ್ರಿ. ಮಶೀನು ಓಡಿಸಲು ಎಣ್ಣೆಯ ಎಂಜಿನ್ ಇತ್ತು, ಜೋಡಿಸಲು ಡರ್ಬನ್ನಿನಿಂದ ಎಂಜಿನಿಯರನ್ನೂ ಕರೆಸಿದ್ದರು. ಎಂಜಿನ್ ಕೈಕೊಟ್ಟರೆ ಇರಲಿ ಅಂತ ಗಾಂಧಿ ಕೈಯಲ್ಲಿ ತಿರುಗಿಸುವ ಚಕ್ರವೊಂದನ್ನೂ ಮಾಡಿಸಿದ್ದರು. ಪತ್ರಿಕೆಯ ಅಳತೆಯನ್ನು ದೈನಿಕದ ಗಾತ್ರದಿಂದ ಫುಲ್‌ಸ್ಕೇಪಿಗೆ ಇಳಿಸಿದ್ದರು, ತೀರಾ ಕೈಮೀರಿದರೆ ಟ್ರೆಡಲ್‌ನಲ್ಲಾದರೂ ಹೊಡೆಯಬಹುದು ಅಂತ. ಇದು ಪ್ರೆಸ್ ಮಾಲೀಕನ ತಲೆ, ಸಂತನದಲ್ಲ. ಅಂದುಕೊಂಡ ಹಾಗೇ ಎಂಜಿನ್ ಮುಷ್ಕರ ಹೂಡಿತು. ಎಂಜಿನಿಯರ್ ಏನು ಮಾಡಿದರೂ ಜಗ್ಗಲಿಲ್ಲ. ವೆಸ್ಟ್ ಕಣ್ಣೀರು ತುಂಬಿಕೊಂಡು ಗಾಂಧಿಯ ಮುಂದೆ ನಿಂತರು. ಚಕ್ರ ತಿರುಗಿಸಲು ಒಂದು ಸಲಕ್ಕೆ ನಾಲ್ಕು ಜನ ಬೇಕು, ತಮ್ಮವರೆಲ್ಲ ದಣಿದಿದ್ದಾರೆ. ಶೆಡ್ಡಿನಲ್ಲೇ ಬಡಗಿಗಳು ಮಲಗಿದ್ದರು, ಅವರನ್ನು ಎಬ್ಬಿಸಿ ಕೇಳೋಣ ಅಂದರು ಗಾಂಧಿ. ಎಬ್ಬಿಸಲು ವೆಸ್ಟ್‌ಗೆ ಧೈರ್ಯ ಬರಲಿಲ್ಲ, ಗಾಂಧಿಯೇ ಹೋದರು. ಬಡಗಿಗಳು ತಕ್ಷಣ ಎದ್ದು ಬಂದರು. ವೆಸ್ಟ್ ಭಜನೆ ಹಾಡುತ್ತಾ ಮಶೀನಿಗೆ ನಿಂತರು, ಗಾಂಧಿ ಬಡಗಿಗಳ ಜೊತೆ ಚಕ್ರ ತಿರುಗಿಸಿದರು, ಸರದಿಯ ಮೇಲೆ ಬೆಳಿಗ್ಗೆ ಏಳರವರೆಗೆ. ಬೆಳಕಾದ ಮೇಲೆ ಎಂಜಿನಿಯರ್ ಎದ್ದು ಮುಟ್ಟಿದರೆ ಎಂಜಿನ್ ಸಲೀಸಾಗಿ ಓಡಿತು! ಮಶೀನುಗಳಿಗೆ ಇಂಥ ಹಟ ಇರುತ್ತೆ ಅನ್ನೋದು ನಮ್ಮ ಕಂಪೋಜಿಟರ್ ಕಾಕಾನ ಗಟ್ಟಿ ನಂಬಿಕೆಯಾಗಿತ್ತು. ಗಾಂಧಿಯೂ ಅದನ್ನೊಂದು ಪರೀಕ್ಷೆ ಅಂತಲೇ ತಿಳಿದರು. ಮುಂದೆ ಕೆಲಕಾಲ ಅವರು ಬೇಕಂತಲೇ ಎಂಜಿನ್ ಬಿಟ್ಟು ಕೈಚಕ್ರದಿಂದಲೇ ಪತ್ರಿಕೆ ತಂದರು, ಆ ದಿನಗಳೇ ಫೀನಿಕ್ಸಿನ ಅತ್ಯುತ್ತಮ ದಿನಗಳು ಎಂದು ನಂಬಿದ್ದರು. ಚಕ್ರ ತಿರುಗಿಸಿದವರ ರಟ್ಟೆಗಳ ಅಭಿಪ್ರಾಯ ದಾಖಲಾಗಿಲ್ಲ.

ಫೀನಿಕ್ಸಿನಲ್ಲಿದ್ದವರೆಲ್ಲ ಮೊಳೆ ಜೋಡಿಸಲು ಕಲಿಯಬೇಕು ಅಂತ ನಿಯಮ. ಮುದ್ರಣದಲ್ಲಿ ಅದು ಸುಲಭದ, ಆದರೆ ಬೇಸರದ ಕೆಲಸ ಅಂತ ಗಾಂಧಿಯ ತೀರ್ಮಾನ. ತಾನು ಮಾತ್ರ ಕೊನೆಯವರೆಗೂ ದಡ್ಡನಾಗಿಯೇ ಉಳಿದೆ ಅಂತ ಒಪ್ಪಿಕೊಂಡಿದ್ದಾರೆ. ಮಗನ್‌ಲಾಲ್ ಗಾಂಧಿ, ಅದುವರೆಗೆ ಪ್ರೆಸ್ ಮುಖವನ್ನೇ ನೋಡದವರು, ಎಲ್ಲರನ್ನೂ ಮೀರಿಸಿದರು. ಪತ್ರಿಕೆ ಹೊರಡುವ ಹಿಂದಿನ ದಿನ ಹೆಂಗಸರು, ಮಕ್ಕಳು ಸಮೇತ ಎಲ್ಲರೂ ಹಾಳೆ ಮಡಚುವುದು, ವಿಳಾಸದ ಚೀಟಿ ಅಂಟಿಸುವುದು. ಗಾಂಧಿ ಸ್ವತಃ ಅಲ್ಲಿ ಇದ್ದದ್ದು ಕಡಿಮೆ. ಅವರು ಜೋಹಾನ್ಸ್‌ಬರ್ಗಿನಲ್ಲಿ ಕೋರ್ಟಿಗೆ ಹೋಗಿ ದುಡಿದು ಕಳಿಸಬೇಕಿತ್ತು. ಛಗನ್‌ಲಾಲ್‌ಗೆ ಅವರು ಬರೆದ ಕಾಗದಗಳನ್ನು ನೋಡಿದರೆ ಮಹಾತ್ಮ ಕಾಣೋದಿಲ್ಲ, ತಲೆಕೆಟ್ಟ ಮಾಲೀಕ ಕಾಣ್ತಾನೆ: ಯಾರ ಚಂದಾ ಬಂತು, ಯಾರದು ಬರಲಿಲ್ಲ, ಲೆಡ್ಜರ್ ಬರೆದಾಯಿತಾ, ಗುಜರಾತಿ ಮ್ಯಾಟರ್ ಕಳಿಸಿದ್ದೇನೆ, ಸಿಕ್ಕಿತಾ.

1909ರಲ್ಲಿ ಲಂಡನ್ನಿನಿಂದ ಹಡಗಿನಲ್ಲಿ ವಾಪಸಾಗುವಾಗ ಅವರು 'ಹಿಂದ್ ಸ್ವರಾಜ್' ಬರೆದರು. ಬಲಗೈ ಸೋತಾಗ ಎಡಗೈಯಲ್ಲಿ. ಡಿಸೆಂಬರಿನಲ್ಲಿ ಪತ್ರಿಕೆಯಲ್ಲಿ ಬಂತು, 1910ರ ಜನವರಿಯಲ್ಲಿ ಪುಸ್ತಕವಾಯಿತು. ಮಾರ್ಚ್‌ನಲ್ಲಿ ಬಾಂಬೆ ಸರ್ಕಾರ ನಿಷೇಧಿಸಿತು. ಗಾಂಧಿ ಕೂಡಲೇ ಇಂಗ್ಲಿಷಿಗೆ ಇಳಿಸಿ ಅದೇ ಪ್ರೆಸ್ಸಿನಿಂದ ಹೊರತಂದರು, ಯಾವ ಹಕ್ಕನ್ನೂ ಕಾಯ್ದಿರಿಸಿಲ್ಲ ಎಂಬ ಸೂಚನೆಯೊಂದಿಗೆ. ಬರೆದವನದೇ ಪ್ರೆಸ್ ಇದ್ದರೆ ಎಷ್ಟು ಬೇಗ ಕೆಲಸ ಆಗುತ್ತೆ ನೋಡಿ. ಬೇರೆಯವರ ಅಚ್ಚುಕೂಟವಾಗಿದ್ದರೆ ಮಾಲೀಕ ಮೊದಲು ವಕೀಲರನ್ನು ಕೇಳಬೇಕಿತ್ತು. (ಹಕ್ಕು ಬೇಡ ಅಂದ ಇದೇ ಗಾಂಧಿ ಕೊನೆಗೆ ತಮ್ಮ ಬರಹಗಳ ಹಕ್ಕನ್ನು ನವಜೀವನ ಟ್ರಸ್ಟಿಗೆ ಬರೆದುಕೊಟ್ಟರು. ಪ್ರೆಸ್ ನಡೆಸಿದವರಿಗೆ ಆ ಮನಸ್ಸು ಬದಲಾಗಿದ್ದು ಅರ್ಥವಾಗುತ್ತೆ.)

ಈಗ ಜಾಹೀರಾತಿನ ವಿಷಯ. ಮೊದಮೊದಲು 'ಇಂಡಿಯನ್ ಒಪೀನಿಯನ್' ಜಾಹೀರಾತು ತೆಗೆದುಕೊಳ್ಳುತ್ತಿತ್ತು, ಪ್ರೆಸ್ ಹೊರಗಿನ ಜಾಬ್ ವರ್ಕನ್ನೂ ಮಾಡುತ್ತಿತ್ತು. ಗಾಂಧಿಗೆ ಕ್ರಮೇಣ ಎರಡೂ ಕಾಟ ಅನ್ನಿಸತೊಡಗಿದವು. ಯಾವ ಜಾಹೀರಾತು ಹಾಕಬೇಕು, ಯಾವುದು ಬಿಡಬೇಕು ಎಂಬ ಸಂಕಟ. ಸಮುದಾಯದ ಮುಖಂಡ ಕೊಟ್ಟ ಕೆಟ್ಟ ಜಾಹೀರಾತನ್ನು ಬೇಡ ಅನ್ನೋಕೆ ದಾಕ್ಷಿಣ್ಯ. ಒಳ್ಳೇ ಕೆಲಸಗಾರರ ಹೊತ್ತು ಜಾಹೀರಾತು ಹಿಡಿದು ತರೋದರಲ್ಲಿ, ಹಣ ವಸೂಲಿ ಮಾಡೋದರಲ್ಲಿ ಹೋಗೋದು. 1912ರಲ್ಲಿ ಫೀನಿಕ್ಸನ್ನು ಟ್ರಸ್ಟಿಗೆ ವಹಿಸಿದ ಹೊತ್ತಿಗೆ ಎರಡನ್ನೂ ನಿಲ್ಲಿಸಿದರು. ಓದುಗ ಚಂದಾ ಕೊಟ್ಟರೆ ಪತ್ರಿಕೆ, ಇಲ್ಲವಾದರೆ ಇಲ್ಲ.

ನಮ್ಮಪ್ಪ ಇದನ್ನು ಓದಿದ್ದರೆ ನಗುತ್ತಿದ್ದರು. ಜಾಬ್ ವರ್ಕ್ ಬಿಟ್ಟರೆ ಊಟಕ್ಕೇನು? ವಕೀಲಿಕೆಯ ದುಡ್ಡಾಗಲಿ, ಸಮುದಾಯದ ದೇಣಿಗೆಯಾಗಲಿ ಬೆನ್ನಿಗಿಲ್ಲದ ಮಾಲೀಕನಿಗೆ ಈ ತ್ಯಾಗ ದುಬಾರಿ. ಇದನ್ನು ಮುಚ್ಚಿಟ್ಟು ಗಾಂಧಿಯನ್ನು ಹೊಗಳೋದು ಸರಿಯಲ್ಲ. ಆದರೆ ಮುಂದಿನ ವರ್ಷ ಏನಾಯಿತು ನೋಡಿ. ಕರಾರು ಮುಗಿದ ಕೂಲಿಗಳ ಮೇಲೆ ನೇಟಾಲ್ ಸರ್ಕಾರ ಹಾಕಿದ್ದ ವರ್ಷಕ್ಕೆ 3 ಪೌಂಡ್ ತಲೆಗಂದಾಯದ ವಿರುದ್ಧ 1913ರಲ್ಲಿ ಮುಷ್ಕರ ಭುಗಿಲೆದ್ದಿತು. ಗಣಿ, ಕಬ್ಬಿನ ತೋಟಗಳಿಂದ ಸಾವಿರಾರು ಜನ ಹೊರಬಂದರು. ಡರ್ಬನ್ನಿನ ಕೆಲವು ಭಾರತೀಯ ವ್ಯಾಪಾರಿ ಮುಖಂಡರು ಗಾಂಧಿಯ ವಿರುದ್ಧವೇ ತಿರುಗಿದರು. ಪತ್ರಿಕೆ ಅಂಥವರ ಜಾಹೀರಾತಿನ ಮೇಲೆ ನಿಂತಿದ್ದರೆ? ಅದು ನನ್ನ ಊಹೆಯ ಪ್ರಶ್ನೆ, ಗಾಂಧಿ ಹೀಗೆ ಲೆಕ್ಕ ಹಾಕಿಯೇ ಬಿಟ್ಟರು ಅಂತ ಹೇಳುತ್ತಿಲ್ಲ. ಕಸ್ತೂರಬಾ ಸೇರಿ ಫೀನಿಕ್ಸಿನ ಹದಿನಾರು ಜನ ಮೊದಲ ತಂಡವಾಗಿ ಜೈಲಿಗೆ ಹೋದರು. ಮುಷ್ಕರ ಹೂಡಿದ ಕೂಲಿಗಳಿಗೆ ಆಸರೆ ಕೊಟ್ಟದ್ದಕ್ಕೆ ವೆಸ್ಟ್ ಬಂಧನವಾಯಿತು. ಮಗನ್‌ಲಾಲ್‌ರನ್ನು ಮಾತ್ರ ಹಿಂದೆ ಉಳಿಸಿದ್ದರು, ಪತ್ರಿಕೆ ನಿಲ್ಲಬಾರದು ಅಂತ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಫೀನಿಕ್ಸಿನ ನೆರೆಯಲ್ಲೇ ಜಾನ್ ಡೂಬೆಯವರ ಓಲಾಂಗೆ ಶಾಲೆ ಇತ್ತು. ಡೂಬೆ ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರಾದವರು, ಅವರೂ 1903ರಲ್ಲೇ ಜುಲು ಭಾಷೆಯ ಪತ್ರಿಕೆ ಶುರು ಮಾಡಿದವರು. ಇಬ್ಬರು ಪತ್ರಿಕೆಯವರು ಅಷ್ಟು ಹತ್ತಿರ ಇದ್ದರೂ ಎರಡು ಹೋರಾಟಗಳು ಒಂದಾಗಲಿಲ್ಲ. ಆ ವರ್ಷಗಳಲ್ಲಿ ಕಪ್ಪು ಜನರ ಬಗ್ಗೆ ಗಾಂಧಿ ತಮ್ಮ ಪತ್ರಿಕೆಯಲ್ಲಿ ಬರೆದ ಕೆಲವು ಮಾತುಗಳು ಇವತ್ತು ಓದಿದರೆ ತಲೆತಗ್ಗಿಸುವಂಥವು. ಘಾನಾದ ವಿಶ್ವವಿದ್ಯಾಲಯದಿಂದ 2018ರಲ್ಲಿ ಅವರ ಪ್ರತಿಮೆ ತೆಗೆಸಿದ್ದು ಸುಮ್ಮನೆ ಅಲ್ಲ. ಅಚ್ಚಾದದ್ದು ಅಳಿಯೋದಿಲ್ಲ, ಮಾಲೀಕ ಬೆಳೆದು ಬದಲಾದರೂ ಸರಿ.

1914ರಲ್ಲಿ ಗಾಂಧಿ ಆಫ್ರಿಕಾ ಬಿಟ್ಟರು. ಭಾರತಕ್ಕೆ ಬಂದ ಮೇಲೂ ಪ್ರೆಸ್ಸು ಬೆನ್ನು ಬಿಡಲಿಲ್ಲ. ಇಲ್ಲಿ 1867ರ ಕಾಯ್ದೆ ಇತ್ತು, ಅಚ್ಚಾದ ಪ್ರತಿಯೊಂದರ ಮೇಲೂ ಮುದ್ರಕನ ಹೆಸರು, ಸ್ಥಳ ಇರಲೇಬೇಕು. 1910ರ ಪ್ರೆಸ್ ಕಾಯ್ದೆ ಠೇವಣಿ ಕೇಳುತ್ತಿತ್ತು, ಸರ್ಕಾರಕ್ಕೆ ಇಷ್ಟವಾಗದ್ದನ್ನು ಅಚ್ಚು ಹಾಕಿದರೆ ಠೇವಣಿ ಹೋಯಿತು, ಆಮೇಲೆ ಪ್ರೆಸ್ಸೇ ಹೋಯಿತು. 1919ರ ಏಪ್ರಿಲ್ 6ರಂದು ಬಾಂಬೆಯಲ್ಲಿ ಗಾಂಧಿ, ಸರೋಜಿನಿ ನಾಯ್ಡು ಕಾರಿನಲ್ಲಿ ಕೂತು ನಿಷೇಧಿತ 'ಹಿಂದ್ ಸ್ವರಾಜ್' ಬೀದಿಯಲ್ಲಿ ಮಾರಿದರು. ಬೆಲೆ ನಾಲ್ಕಾಣೆ, ಒಬ್ಬರು ಐವತ್ತು ರೂಪಾಯಿ ಕೊಟ್ಟರಂತೆ. ಜೈಲಿಗೆ ಸಿದ್ಧವಾಗಿ ಬಂದವರಿಗೆ ಸರ್ಕಾರ ಒಂದು ತಮಾಷೆ ಮಾಡಿತು. ಇದು ಮರುಮುದ್ರಣ, ನಿಷೇಧವಾದದ್ದು ಹಳೇ ಮುದ್ರಣ, ಆದ್ದರಿಂದ ಅಪರಾಧವೇ ಆಗಿಲ್ಲ ಅಂತ!

1922ರಲ್ಲಿ ತಮಾಷೆ ಇರಲಿಲ್ಲ. 'ಯಂಗ್ ಇಂಡಿಯಾ'ದ ಲೇಖನಗಳಿಗೆ ರಾಜದ್ರೋಹದ ಮೊಕದ್ದಮೆಯಾಗಿ ಗಾಂಧಿಗೆ ಆರು ವರ್ಷ ಶಿಕ್ಷೆಯಾಯಿತು. ಆ ವಿಚಾರಣೆಯ ಚಿತ್ರ ನಾವೆಲ್ಲ ನೋಡಿದ್ದೇವೆ. ಪಕ್ಕದಲ್ಲಿ ಇನ್ನೊಬ್ಬ ಆರೋಪಿ ನಿಂತಿದ್ದರು, ಶಂಕರಲಾಲ್ ಬ್ಯಾಂಕರ್. ಅವರು ಆ ಲೇಖನ ಬರೆದಿರಲಿಲ್ಲ, ಪತ್ರಿಕೆಯ ಮುದ್ರಕ, ಪ್ರಕಾಶಕರಾಗಿದ್ದರು. ಅವರೂ ಜೈಲಿಗೆ ಹೋದರು, ದಂಡವನ್ನೂ ಕಟ್ಟಬೇಕಾಯಿತು. ಪುಟದ ತಳದಲ್ಲಿ ಚಿಕ್ಕ ಅಕ್ಷರದಲ್ಲಿರುವ ಆ ಸಾಲನ್ನು ನಾವು ಓದೋದೇ ಇಲ್ಲ. ಪೊಲೀಸರು ಮೊದಲು ಓದೋದು ಅದನ್ನೇ. ಚುನಾವಣೆ ಬಂದಾಗ ನಮ್ಮಪ್ಪ ಕರಪತ್ರದ ಕೆಳಗೆ ಪ್ರೆಸ್ಸಿನ ಹೆಸರು ಸರಿಯಾಗಿ ಬಂತೋ ಇಲ್ಲವೋ ಅಂತ ಮೂರು ಸಲ ನೋಡ್ತಿದ್ರು, ಯಾಕಂದ್ರೆ ಇಲ್ಲದಿದ್ದರೆ ಈಗಲೂ ಕೇಸು. ಆ ಕರಪತ್ರ ಹಾಕಿಸಿದ ಅಭ್ಯರ್ಥಿ ಗೆದ್ದರು, ಬಿಲ್ ಕೊಡಲಿಲ್ಲ. ಸೋತವರೂ ಕೊಡಲಿಲ್ಲ.

1930ರ ಉಪ್ಪಿನ ಸತ್ಯಾಗ್ರಹದ ವರ್ಷ ಹೊಸ ಪ್ರೆಸ್ ಸುಗ್ರೀವಾಜ್ಞೆ ಬಂತು. ಠೇವಣಿ ಕಟ್ಟಬೇಡಿ, ಪ್ರೆಸ್ ಹೋದರೆ ಹೋಗಲಿ ಅಂತ ಗಾಂಧಿ ಪತ್ರಿಕೆಗಳಿಗೆ ಹೇಳಿದರು. ಅಹಮದಾಬಾದಿನ ನವಜೀವನ ಪ್ರೆಸ್ಸನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು, 'ಯಂಗ್ ಇಂಡಿಯಾ' ಸೈಕ್ಲೋಸ್ಟೈಲ್ ಹಾಳೆಯಾಗಿ ಹೊರಬಂತು. 1942ರಲ್ಲಿ 'ಹರಿಜನ' ನಿಂತಿತು, ಹಳೇ ಪ್ರತಿಗಳನ್ನು ಪೊಲೀಸರು ನಾಶ ಮಾಡಿದರು.

ಇತ್ತ ಫೀನಿಕ್ಸಿನಲ್ಲಿ ಎರಡನೇ ಮಗ ಮಣಿಲಾಲ್ 1920ರಿಂದ ಸಂಪಾದಕರಾಗಿ ಕೂತಿದ್ದರು. ಅಪ್ಪ ಬಿಟ್ಟುಹೋದ ನಷ್ಟದ ಪತ್ರಿಕೆಯನ್ನು 1956ರಲ್ಲಿ ಸಾಯುವವರೆಗೂ ಅವರೇ ಎಳೆದರು, ನಡುನಡುವೆ ಜೈಲಿಗೆ ಹೋಗಿ ಬಂದು. ಆಮೇಲೆ ಅವರ ಹೆಂಡತಿ ಸುಶೀಲಾ ಐದು ವರ್ಷ ನಡೆಸಿದರು. 1961ರಲ್ಲಿ ಪತ್ರಿಕೆ ನಿಂತಿತು. 1985ರ ಇನಾಂಡಾ ಗಲಭೆಯಲ್ಲಿ ಫೀನಿಕ್ಸಿನ ಮನೆಗಳು ಸುಟ್ಟವು, 2000ದಲ್ಲಿ ಮತ್ತೆ ಕಟ್ಟಿ ತೆರೆದರು. ಪ್ರೆಸ್ ನಡೆದ ಜಾಗ ಈಗ ನೋಡಲು ಸಿಗುತ್ತದೆ.

ನಮ್ಮಪ್ಪನ ಟ್ರೆಡಲ್ ಗುಜರಿಯವನಿಗೆ ಹೋಯಿತು, ಮೊಳೆಗಳು ಸೀಸದ ರೇಟಿಗೆ, ಕೆಜಿ ಲೆಕ್ಕದಲ್ಲಿ. ಬಾಕಿ ಬಿಲ್ಲುಗಳ ಕಟ್ಟು ಮಾತ್ರ ಅಮ್ಮನ ಟ್ರಂಕಿನಲ್ಲಿದೆ.